ಬೆಟ್ಟ ಬಿಟ್ಟು ರಸ್ತೆಯ ಅಂಚು ನೋಡಿದೆ: ಫೋಟೋದಿಂದ ಘಾಟಿ ಪತ್ತೆ ಹಚ್ಚಿದ ನನ್ನ ಅನುಭವ

“ಆ ರಸ್ತೆಯಲ್ಲಿ ಗಾಡಿ ಓಡಿಸದೇ ಇರೋನು ಬರೀ ಫೋಟೋ ನೋಡಿ ಜಾಗ ಹೇಳೋದು ಅಂದ್ರೆ ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ ಕಣಯ್ಯ.” ನಮ್ಮ ಗುಂಪಿನ ಹಿರಿಯ ಸವಾರರೊಬ್ಬರು ಮೂರು ವರ್ಷ ನನಗೆ ಇದೇ ಮಾತು ಹೇಳುತ್ತಾ ಬಂದರು. ಕಳೆದ ತಿಂಗಳು ಅವರೇ ತಂದುಕೊಟ್ಟ ಒಂದು ಫೋಟೋದ ಜಾಗವನ್ನು ಕೂತಲ್ಲೇ ಹುಡುಕಿ, ಕ್ಯಾಮೆರಾ ಇಟ್ಟಿದ್ದ ಬಿಂದುವಿನ ಸಮೇತ ತೋರಿಸಿದೆ. ಆ ರಸ್ತೆಗೆ ನಾನು ಇವತ್ತಿನವರೆಗೂ ಹೋಗಿಲ್ಲ. ಹೇಗೆ ಮಾಡಿದೆ ಎಂದು ಕೇಳಿದವರು ಬಹಳ ಮಂದಿ, ಅದಕ್ಕೇ ಬರೆಯುತ್ತಿದ್ದೇನೆ.

ಆಟ ನಿಮಗೆಲ್ಲ ಗೊತ್ತಿರುವುದೇ. ಒಬ್ಬ ಬೆಟ್ಟದ ರಸ್ತೆಯ ಫೋಟೋ ಹಾಕುತ್ತಾನೆ, ಬೈಕ್ ಅದರಲ್ಲಿ ಕಾಣಲೇಬೇಕು. ಜಾಗ ಮೊದಲು ಹೇಳಿದವನು ಗೆದ್ದ. ಮುಂದಿನ ಫೋಟೋ ಅವನದು. ನಮ್ಮಲ್ಲಿ ಒಂದು ಪಂದ್ಯವೂ ಇದೆ: ತಪ್ಪು ಜಾಗವನ್ನು ಗ್ಯಾರಂಟಿ ಎಂದು ಹೇಳಿ ಸೋತವನು ಗೆದ್ದವನ ಟ್ಯಾಂಕ್ ತುಂಬಿಸಬೇಕು. ಮೊದಲ ವರ್ಷ ನಾನು ಹನ್ನೊಂದೋ ಹನ್ನೆರಡೋ ಟ್ಯಾಂಕ್ ತುಂಬಿಸಿದೆ. ಆ ದುಡ್ಡಿನಲ್ಲಿ ಹಿಂದಿನದು ಮುಂದಿನದು ಎರಡೂ ಟೈರ್ ಹೊಸದು ಬರುತ್ತಿತ್ತು.

ಸೋಲುತ್ತಿದ್ದದ್ದಕ್ಕೆ ಕಾರಣ ಒಂದೇ. ಎಲ್ಲರ ಹಾಗೆ ನಾನೂ ಮೊದಲು ಬೆಟ್ಟ ನೋಡುತ್ತಿದ್ದೆ. ಶಿಖರ ಯಾವುದು, ಹಿಮ ಎಷ್ಟಿದೆ, ಹುಲ್ಲು ಹಸಿರೋ ಒಣಗಿದ್ದೋ. ಇವೆಲ್ಲ ಮೋಸ ಮಾಡುತ್ತವೆ. ಮೋಡ ಇಳಿದರೆ ಶಿಖರ ಮಾಯ, ತಿಂಗಳು ಬದಲಾದರೆ ಹಸಿರು ಮಾಯ. ಹೇರ್‌ಪಿನ್ ತಿರುವು ಎಣಿಸುವುದೂ ಉಪಯೋಗಕ್ಕೆ ಬರಲಿಲ್ಲ. ಇಟಲಿಯ ಸ್ಟೆಲ್ವಿಯೊದ ಒಂದು ಮಗ್ಗುಲಲ್ಲಿ 48, ಆಸ್ಟ್ರಿಯಾದ ಗ್ರೋಸ್‌ಗ್ಲಾಕ್ನರ್‌ನಲ್ಲಿ 36, ನಾರ್ವೆಯ ಟ್ರೋಲ್‌ಸ್ಟಿಗೆನ್‌ನಲ್ಲಿ 11, ಮನಾಲಿ-ಲೇಹ್ ರಸ್ತೆಯ ಗಾಟಾ ಲೂಪ್ಸ್‌ನಲ್ಲಿ 21, ತಮಿಳುನಾಡಿನ ಕೊಲ್ಲಿ ಮಲೆಯಲ್ಲಿ 70 ಎಂದು ಬಾಯಿಪಾಠ ಮಾಡಿದ್ದೆ. ಆದರೆ ಯಾವ ಫೋಟೋದಲ್ಲಿ ಎಲ್ಲ ತಿರುವೂ ಕಾಣುತ್ತದೆ? ಆರು ಕಂಡರೆ ಹೆಚ್ಚು. ಅದರ ಮೇಲೆ ದೊಡ್ಡ ಝೂಮ್ ಲೆನ್ಸಿನಲ್ಲಿ ತೆಗೆದಿದ್ದರೆ ದೂರದೂರದ ತಿರುವುಗಳೆಲ್ಲ ಒಂದರ ಮೇಲೊಂದು ಪೇರಿಸಿಟ್ಟ ಹಾಗೆ ಕಾಣುತ್ತವೆ. ಒಮ್ಮೆ ನನ್ನದೇ ಬೈಕನ್ನು ಒಂದೇ ತಿರುವಿನಲ್ಲಿ ನಿಲ್ಲಿಸಿ, ಹತ್ತಿರದಿಂದ ಅಗಲ ಲೆನ್ಸಿನಲ್ಲೂ ದೂರದಿಂದ ಝೂಮ್‌ನಲ್ಲೂ ತೆಗೆದು ಪಕ್ಕಪಕ್ಕ ಇಟ್ಟೆ. ಎರಡೂ ಒಂದೇ ರಸ್ತೆ ಎಂದು ಗುಂಪಿನಲ್ಲಿ ಒಬ್ಬರೂ ಒಪ್ಪಲಿಲ್ಲ.

ಆಮೇಲೆ ಬೆಟ್ಟವನ್ನು ಪೂರ್ತಿ ಬಿಟ್ಟೆ. ರಸ್ತೆಯ ಅಂಚು ಹಿಡಿದೆ. ಬೆಟ್ಟವನ್ನು ದೇವರು ಮಾಡಿದ್ದು, ಅಂಚನ್ನು ಆ ದೇಶದ ಲೋಕೋಪಯೋಗಿ ಇಲಾಖೆ ಮಾಡಿದ್ದು. ಇಲಾಖೆ ಎಂದ ಮೇಲೆ ಒಂದು ನಿಯಮ ಇರುತ್ತದೆ, ಆ ನಿಯಮ ಗಡಿಯಲ್ಲಿ ಬದಲಾಗುತ್ತದೆ.

ಕಿಲೋಮೀಟರ್ ಕಲ್ಲನ್ನೇ ತಗೊಳ್ಳಿ. ನಮ್ಮಲ್ಲಿ ತಲೆ ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಿದ್ದರೆ ರಾಜ್ಯ ಹೆದ್ದಾರಿ, ಕಿತ್ತಳೆ ಇದ್ದರೆ ಹಳ್ಳಿ ರಸ್ತೆ. ಫ್ರಾನ್ಸ್‌ನಲ್ಲಿ ತಲೆ ಕೆಂಪಿದ್ದರೆ ರಾಷ್ಟ್ರೀಯ ರಸ್ತೆ, ಹಳದಿ ಇದ್ದರೆ ಜಿಲ್ಲಾ ರಸ್ತೆ. ಹಳದಿ ತಲೆಯ ಕಲ್ಲು ಕಂಡಿತೆಂದು ಹಿಮಾಚಲ ಎಂದುಕೊಂಡು ಆಲ್ಪ್ಸ್‌ನ ಫೋಟೋ ಒಂದರಲ್ಲಿ ಟ್ಯಾಂಕ್ ಕಳೆದುಕೊಂಡಿದ್ದೇನೆ. ನಡು ಗೆರೆ ಹಳದಿ ಇದ್ದರೆ ನಾರ್ವೆಯನ್ನು ಪಟ್ಟಿಯಲ್ಲಿ ಇಟ್ಟುಕೊಳ್ಳಬಹುದು, ಆಲ್ಪ್ಸ್‌ನ ದೇಶಗಳಲ್ಲಿ ಅದು ಬಿಳಿ. ಎಚ್ಚರಿಕೆಯ ತ್ರಿಕೋನ ಫಲಕದ ಹಿನ್ನೆಲೆ ಹಳದಿ ಇದ್ದರೆ ಸ್ವೀಡನ್, ಫಿನ್ಲೆಂಡ್, ಐಸ್ಲೆಂಡ್, ಪೋಲೆಂಡ್, ಗ್ರೀಸ್ ಕಡೆ ನೋಡಬೇಕು. ನೀಲಿ ಚೌಕದಲ್ಲಿ ಹಳದಿ ಕಹಳೆ ಇದ್ದರೆ ಸ್ವಿಟ್ಜರ್ಲೆಂಡಿನ ಅಂಚೆ ಬಸ್ಸು ಓಡುವ ಬೆಟ್ಟದ ರಸ್ತೆ. ನಾನು ಗೆದ್ದ ಮೊದಲ ಟ್ಯಾಂಕ್ ಒಂದು ಗೆರೆಯಿಂದಲೇ ಬಂತು. ಮರವೇ ಇಲ್ಲದ ಕಂದು ಹುಲ್ಲಿನ ಗುಡ್ಡ, ಎಡಗಡೆ ಸಂಚಾರ, ಎಲ್ಲರೂ ಸ್ಕಾಟ್ಲೆಂಡ್ ಎಂದರು. ಓವರ್‌ಟೇಕ್ ಮಾಡಬಾರದು ಎನ್ನುವ ನಡು ಗೆರೆ ಹಳದಿ ಇತ್ತು. ಬ್ರಿಟನ್ನಿನಲ್ಲಿ ಆ ಗೆರೆ ಜೋಡಿ ಬಿಳಿ, ಹಳದಿ ಬಳಿಯುವುದು ನ್ಯೂಜಿಲೆಂಡಿನಲ್ಲಿ. ನೆರಳನ್ನು ನೋಡಿದರೆ ಸೂರ್ಯ ಉತ್ತರಕ್ಕಿದ್ದಾನೆ ಎಂದರೂ ಲೆಕ್ಕ ಕೂಡುತ್ತಿತ್ತು. ಅಲ್ಲಿನ ಲಿಂಡಿಸ್ ಪಾಸ್ (ಬೆಟ್ಟ ದಾಟುವ ಘಾಟಿ) ಎಂದೆ, ಸರಿಯಾಯಿತು. ಅವತ್ತು ನಾನು ಪಟ್ಟ ಖುಷಿ ಹೇಳತೀರದು.

ಇಷ್ಟಕ್ಕೇ ನಾನು ಉಬ್ಬಿಹೋದೆ, ಮುಂದಿನ ಫೋಟೋ ಚೆನ್ನಾಗಿ ಪಾಠ ಕಲಿಸಿತು. ದಟ್ಟ ಹಸಿರು, ಕಡಿದಾದ ತಿರುವು, ದೂರದಲ್ಲೊಂದು ಕಾರು ಬಲಗಡೆಯಿಂದ ಹೋಗುತ್ತಿದೆ. ಸವಾರ ಮುಂದೆ ನಿಂತು ತೆಗೆದುಕೊಂಡ ಸೆಲ್ಫಿ. ಫಲಕದ ಬೆನ್ನು ಮಾತ್ರ ಕಾಣುತ್ತದೆ, ನಂಬರ್ ಪ್ಲೇಟ್ ಚೌಕಟ್ಟಿನಿಂದ ಹೊರಗೆ. ಬಲಗಡೆ ಸಂಚಾರ ಎಂದ ಮೇಲೆ ಭಾರತ, ಶ್ರೀಲಂಕಾ, ಥೈಲೆಂಡ್, ಜಪಾನ್ ಎಲ್ಲ ಪಟ್ಟಿಯಿಂದ ಹೋಯಿತು. ವಿಯೆಟ್ನಾಂ, ಫಿಲಿಪ್ಪೀನ್ಸ್, ಕೊಲಂಬಿಯಾ ಎಂದು ಮೂರು ತಿಂಗಳು ಹುಡುಕಿದೆ. ದುಡ್ಡು ಕೊಟ್ಟು ಹೆಚ್ಚು ಸ್ಪಷ್ಟವಾದ ಉಪಗ್ರಹ ಚಿತ್ರಗಳನ್ನೂ ತರಿಸಿದೆ. ಅದಕ್ಕೆ ಸುರಿದ ದುಡ್ಡಿಗೆ ಒಳ್ಳೆಯ ಹೆಲ್ಮೆಟ್ ಒಂದು ಬರುತ್ತಿತ್ತು. ಒಂದು ರಾತ್ರಿ ಬೇರೆ ಏನನ್ನೋ ನೋಡಲೆಂದು ಫೋಟೋವನ್ನು ದೊಡ್ಡದು ಮಾಡಿದಾಗ ಬೈಕಿನ ಕೆಳಗೆ ಕಣ್ಣು ಹೋಯಿತು. ಸೈಡ್ ಸ್ಟ್ಯಾಂಡ್ ಬಲಗಡೆ ಇದೆ. ಬೈಕ್ ಬಲಕ್ಕೆ ವಾಲಿ ನಿಂತಿದೆ. ಸೈಲೆನ್ಸರ್ ಎಡಗಡೆ, ಚೈನ್ ಬಲಗಡೆ.

ಬಲಗಡೆ ಸೈಡ್ ಸ್ಟ್ಯಾಂಡ್ ಇರುವ ಬೈಕನ್ನು ನೀವೆಲ್ಲಾದರೂ ನೋಡಿದ್ದೀರಾ? ಮೊಬೈಲಿನ ಮುಂದಿನ ಕ್ಯಾಮೆರಾ ಚಿತ್ರವನ್ನು ಕನ್ನಡಿಯಂತೆ ತಿರುಗಿಸಿ ಉಳಿಸಿತ್ತು. ತಿರುಗಿಸಿ ನೋಡಿದೆ, ಕಾರು ಎಡಕ್ಕೆ ಬಂತು. ಹತ್ತು ನಿಮಿಷದಲ್ಲಿ ಕೊಲ್ಲಿ ಮಲೆ ಸಿಕ್ಕಿತು. ಮೂರು ತಿಂಗಳು, ಒಂದು ಹೆಲ್ಮೆಟ್ಟಿನ ದುಡ್ಡು! ಅವತ್ತಿನಿಂದ ಯಾವ ಫೋಟೋ ಬಂದರೂ ಮೊದಲು ಸೈಡ್ ಸ್ಟ್ಯಾಂಡ್, ಆಮೇಲೆ ಕ್ಲಚ್ ಲಿವರ್, ಆಮೇಲೆ ಉಳಿದದ್ದು. ಕಾರಿನವರು ಆಡುವ ಇಂಥ ಆಟದಲ್ಲಿ ಈ ಪರೀಕ್ಷೆ ಸಾಧ್ಯವಿಲ್ಲ. ನಮಗೆ ಬೈಕೇ ಸಾಕ್ಷಿ.

ನಡುವೆ ಕೆಲವು ಪ್ರಯೋಗಗಳನ್ನೂ ಮಾಡಿದೆ. ಬೆಟ್ಟದ ಬಾನಂಚಿನ ಗೆರೆಯನ್ನು ಕತ್ತರಿಸಿ ತೆಗೆದು, ಎತ್ತರದ ದತ್ತಾಂಶದಿಂದ ಕಂಪ್ಯೂಟರ್ ಬರೆದ ಬಾನಂಚಿನ ಜೊತೆ ಹೊಂದಿಸುವುದು ಒಂದು. 2000ದ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆ ಎಂಡೆವರ್ ರಡಾರಿನಿಂದ ಅಳೆದ ದತ್ತಾಂಶ ಉಚಿತವಾಗಿ ಸಿಗುತ್ತದೆ, ಸುಮಾರು 30 ಮೀಟರಿಗೊಂದು ಬಿಂದು. ಪರೀಕ್ಷೆಗೆಂದು ಎಲ್ಲರಿಗೂ ಗೊತ್ತಿರುವ ಟ್ರೋಲ್‌ಸ್ಟಿಗೆನ್ ಫೋಟೋ ಹಾಕಿದೆ. ಎರಡು ವಾರ ಏನೂ ಹೊಂದಲಿಲ್ಲ. ನನ್ನ ಲೆಕ್ಕವೇ ತಪ್ಪು ಎಂದು ಮೂರು ಸಲ ಮೊದಲಿನಿಂದ ಬರೆದೆ. ಕೊನೆಗೆ ನೋಡಿದರೆ ಆ ದತ್ತಾಂಶ ಇರುವುದು ಉತ್ತರಕ್ಕೆ 60 ಡಿಗ್ರಿ ಅಕ್ಷಾಂಶದವರೆಗೆ ಮಾತ್ರ, ಟ್ರೋಲ್‌ಸ್ಟಿಗೆನ್ ಇರುವುದು 62ರ ಮೇಲೆ. ಇಲ್ಲದ ಬೆಟ್ಟದ ಜೊತೆ ಎರಡು ವಾರ ಗುದ್ದಾಡಿದ್ದೆ. ಯುರೋಪಿನ ಕೋಪರ್ನಿಕಸ್ ಯೋಜನೆಯ ದತ್ತಾಂಶಕ್ಕೆ ಬದಲಾಯಿಸಿದ ಮೇಲೆ ಹೊಂದಿತು. ಆದರೂ ಈ ದಾರಿಯನ್ನು ನಾನು ಹೆಚ್ಚು ನಂಬುವುದಿಲ್ಲ. ಹತ್ತಿರದ ಗುಡ್ಡ ಅಡ್ಡ ಬಂದರೆ 30 ಮೀಟರಿನ ಬಿಂದುಗಳು ಏನನ್ನೂ ಹೇಳುವುದಿಲ್ಲ. ನೆರಳಿನ ಉದ್ದದಿಂದ ಅಕ್ಷಾಂಶ ಅಳೆಯುವ ಪ್ರಯೋಗವೂ ಇಳಿಜಾರಿನಲ್ಲಿ ಕೈಕೊಟ್ಟಿತು. ಮರಗಳು ನಿಲ್ಲುವ ಎತ್ತರ ಮಾತ್ರ ಒರಟು ಲೆಕ್ಕಕ್ಕೆ ಒದಗುತ್ತದೆ: ಆಲ್ಪ್ಸ್‌ನಲ್ಲಿ 2000 ಮೀಟರ್ ದಾಟಿದ ಮೇಲೆ ಮರ ಕಡಿಮೆಯಾಗುತ್ತದೆ, ನಾರ್ವೆಯಲ್ಲಿ ಹೆಚ್ಚಿನ ಕಡೆ 1000 ಮೀಟರಿಗೂ ಮೊದಲೇ ಬೋಳು, ಹಿಮಾಲಯದಲ್ಲಿ 3500ರ ಮೇಲೂ ಮರ ಸಿಗುತ್ತದೆ.

ಇನ್ನು ಆ ಹಿರಿಯರ ಫೋಟೋ. ಅವರ ಸ್ನೇಹಿತರೊಬ್ಬರು ತೀರಿಕೊಂಡ ಮೇಲೆ ಮನೆಯವರು ಒಂದು ಆಲ್ಬಮ್ ಕೊಟ್ಟಿದ್ದರಂತೆ. ಅದರಲ್ಲಿ ಈ ಚಿತ್ರ. ಯಾವ ಜಾಗವೆಂದು ಅವರಿಗೂ ಗೊತ್ತಿಲ್ಲ. ಯಾರೋ ಸ್ಕ್ಯಾನ್ ಮಾಡಿ ಬಣ್ಣ ತಿದ್ದಿ, ಸುತ್ತ ಕತ್ತರಿಸಿ ಇಟ್ಟಿದ್ದರು. ನೋಡಿದರೆ ನಿನ್ನೆ ತೆಗೆದ ಹಾಗಿತ್ತು. “ಇದನ್ನ ಹೇಳು ನೋಡೋಣ. ಹೇಳಿದ್ರೆ ನಾನು ಆ ಮಾತು ವಾಪಸ್ ತಗೋತೀನಿ” ಎಂದರು.

ಫೋಟೋದಲ್ಲಿ ಇದ್ದದ್ದು ಇಷ್ಟು. ಮುಂದೆ ಬಿಎಂಡಬ್ಲ್ಯು ಆರ್ 80 ಜಿ/ಎಸ್ ಬೈಕು, ಕಿತ್ತಳೆ ಬಣ್ಣದ ಸೀಟು. ಸೈಡ್ ಸ್ಟ್ಯಾಂಡ್ ಎಡಕ್ಕೇ ಇದೆ. ಪಕ್ಕದಲ್ಲಿ ಮೊಣಕಾಲೆತ್ತರದ ಬಂಡೆ, ಅದರಲ್ಲಿ ಬಿಳಿ ಬೆಣಚುಕಲ್ಲಿನ ಗೆರೆಯೊಂದು ಮೇಲಿನಿಂದ ಬಂದು ನಡುವೆ ಎರಡಾಗಿ ಸೀಳಿದೆ. ಕೆಳಗೆ ಎಡ ಮೂಲೆಯಲ್ಲಿ ರಸ್ತೆಯ ಎರಡು ತಿರುವು. ಬಲಕ್ಕೆ, ಕತ್ತರಿಸಿದ ಅಂಚಿನಲ್ಲಿ ಬೂದು ಹಸಿರು ನೀರಿನ ಒಂದು ತುಣುಕು, ನೀರಿನ ಹಿಂದೆ ಕೊಳಕು ಬಿಳುಪಿನ ಇಳಿಜಾರು.

ಗುಂಪಿನಲ್ಲಿ ಅರ್ಧ ಜನ ಸ್ವಿಟ್ಜರ್ಲೆಂಡಿನ ಫುರ್ಕಾ ಪಾಸ್ ಎಂದರು, ಉಳಿದರ್ಧ ಅಲ್ಲಿನದೇ ಗ್ರಿಮ್ಸೆಲ್. ಒಬ್ಬರು ಸ್ಟೆಲ್ವಿಯೊ ಎಂದರು. ಫೋಟೋ ಹುಡುಕುವ ತಂತ್ರಾಂಶಕ್ಕೆ ಕೊಟ್ಟರೆ ಅದೂ ಸ್ಟೆಲ್ವಿಯೊ ಎಂದೇ ಹೇಳಿತು, ತಿರುವು ಕಂಡರೆ ಅದು ಹೇಳುವುದೇ ಅದನ್ನು.

ನಾನು ಅಂಚು ನೋಡಿದೆ. ಸ್ವಿಟ್ಜರ್ಲೆಂಡಿನ ಹಳೆಯ ಪಾಸ್‌ಗಳಲ್ಲಿ, ಫುರ್ಕಾ ಇರಲಿ ಗ್ರಿಮ್ಸೆಲ್ ಇರಲಿ, ಹೊರ ಅಂಚಿನಲ್ಲಿ ಗ್ರಾನೈಟ್ ಗೂಟಗಳು ಹಲ್ಲಿನ ಸಾಲಿನಂತೆ ನಿಂತಿರುತ್ತವೆ. ಕುದುರೆಗಾಡಿಗಳ ಕಾಲದ ರಸ್ತೆಗಳವು. ಈ ಫೋಟೋದಲ್ಲಿ ಒಂದು ಗೂಟವೂ ಇಲ್ಲ. ತಿರುವಿನ ಒಳಗೋಡೆ ಕಾಂಕ್ರೀಟು, ಕೈಯಲ್ಲಿ ಕಡಿದ ಕಲ್ಲಲ್ಲ. ಇನ್ನೊಂದು, ತಿರುವಿನ ಅಗಲ. ಸ್ಟೆಲ್ವಿಯೊ ರಸ್ತೆ ಕಟ್ಟಿದ್ದು 1820ರಿಂದ 1825ರ ನಡುವೆ. ಅಲ್ಲಿ ಒಳಗಡೆಯಿಂದ ತಿರುಗಿಸಬೇಕಾದರೆ ಕ್ಲಚ್ ಮೇಲೆ ಜೀವ ಹಿಡಿದುಕೊಂಡು ಹ್ಯಾಂಡಲ್ ಪೂರ್ತಿ ತಿರುಗಿಸಬೇಕು. ಗ್ರೋಸ್‌ಗ್ಲಾಕ್ನರ್ 1935ರಲ್ಲಿ ಕಾರುಗಳಿಗೆಂದೇ ತೆರೆದದ್ದು, ತಿರುವು ಗುಂಡಗೆ ವಿಶಾಲ. ಫೋಟೋದ ಎರಡು ತಿರುವುಗಳಲ್ಲಿ ಬಸ್ಸು ಹಿಂದೆ ಸರಿಯದೆ ಒಂದೇ ಸಲ ತಿರುಗಬಲ್ಲದು. ಅಂದರೆ ಮೋಟಾರು ಕಾಲದ ರಸ್ತೆ, ಮೇಲೆ ಮರವಿಲ್ಲದಷ್ಟು ಎತ್ತರ, ಪಕ್ಕದಲ್ಲಿ ಜಲಾಶಯ. ಈ ಮೂರನ್ನೂ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಉಚಿತ ನಕ್ಷೆಯಲ್ಲಿ ಜರಡಿ ಹಿಡಿದೆ. ತಿರುವುಗಳ ಎಡ ಬಲ, ನಡುವಿನ ಅಂತರ ಇವನ್ನು ಒಂದು ಸಾಲಿನಲ್ಲಿ ಬರೆದು ಹುಡುಕುವ ಒಂದು ವಿಧಾನ ನನ್ನಲ್ಲಿದೆ, ಅದನ್ನು ‘ತಿರುವಿನ ಜಾತಕ’ ಎನ್ನುತ್ತೇನೆ. ಆ ಸಾಲನ್ನು ಹೇಗೆ ಬರೆಯುತ್ತೇನೆ, ಎಷ್ಟು ತಪ್ಪಿಗೆ ಅವಕಾಶ ಕೊಡುತ್ತೇನೆ ಎನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಒಂದೂವರೆ ವರ್ಷ ಹಿಡಿದಿದೆ, ಗುಂಪಿನಲ್ಲಿ ಇನ್ನೂ ಆಟ ನಡೆಯುತ್ತಿದೆ.

ಜರಡಿಯಲ್ಲಿ ಉಳಿದದ್ದು ಏಳೆಂಟು ಜಾಗ. ಜಾತಕ ಚೆನ್ನಾಗಿ ಕೂಡಿದ್ದು ಒಂದೇ: ಸ್ವಿಟ್ಜರ್ಲೆಂಡಿನ ನುಫೆನೆನ್ ಪಾಸ್. 2478 ಮೀಟರ್, ರಸ್ತೆ ತೆರೆದದ್ದು 1969ರಲ್ಲಿ. ಪಕ್ಕದಲ್ಲೇ ಗ್ರೀಸ್‌ಝೀ ಎಂಬ ಜಲಾಶಯ. ಎಲ್ಲ ಸರಿ. ಆದರೆ ಈಗಿನ ಯಾವ ಫೋಟೋ ನೋಡಿದರೂ ಆ ಜಲಾಶಯದ ಪಕ್ಕ ದೊಡ್ಡ ವಿಂಡ್‌ಮಿಲ್‌ಗಳು ನಿಂತಿವೆ. ನಮ್ಮ ಫೋಟೋದಲ್ಲಿ ಒಂದೂ ಇಲ್ಲ. ನುಫೆನೆನ್ ಮೇಲೆ ಗೀಟು ಎಳೆದುಬಿಟ್ಟೆ.

ಆ ಗೀಟಿಗೆ ಐದು ತಿಂಗಳು ಹೋಯಿತು. ಉಳಿದ ಜಾಗಗಳಿಗೆ ಮತ್ತೆ ದುಡ್ಡು ಕೊಟ್ಟು ಚಿತ್ರ ತರಿಸಿದೆ. ಪಿರನೀಸ್‌ನಲ್ಲಿ ಒಂದು ಜಾಗ ಗ್ಯಾರಂಟಿ ಎಂದು ಹೇಳಿ, ಇನ್ನೊಬ್ಬರು ಅದನ್ನು ಸುಳ್ಳೆಂದು ತೋರಿಸಿ, ಇನ್ನೊಂದು ಟ್ಯಾಂಕ್ ತುಂಬಿಸಿದೆ. ಒಟ್ಟು ಲೆಕ್ಕ ಹಾಕಿದರೆ ಈ ಒಂದು ಫೋಟೋಗೆ ಚೈನ್ ಸ್ಪ್ರಾಕೆಟ್ ಸೆಟ್ ಒಂದರ ದುಡ್ಡು ಹೋಗಿದೆ. ಹಿರಿಯರು ಏನೂ ಹೇಳಲಿಲ್ಲ, ಸುಮ್ಮನೆ ನಕ್ಕರು. ಅದು ನನ್ನನ್ನು ಹೆಚ್ಚು ಕೆರಳಿಸಿತು.

ದಾರಿ ತೋರಿಸಿದ್ದು ಇನ್ನೊಂದು ಫೋಟೋದ ಕತೆ. ಎರಡನೇ ಮಹಾಯುದ್ಧ ಕಾಲದ ಚಿತ್ರವೊಂದು ನಿಮಗೆ ನೆನಪಿರಬಹುದು, ಬೋಳು ಬೆಟ್ಟದ ಮೇಲೆ ಹಾವಿನಂತೆ ಸುತ್ತಿದ ರಸ್ತೆ, ತುಂಬ ಸೈನ್ಯದ ಲಾರಿಗಳು. ದಶಕಗಳ ಕಾಲ ಎಲ್ಲರೂ ಅದನ್ನು ಬರ್ಮಾ ರಸ್ತೆ ಎಂದೇ ನಂಬಿದ್ದರು, ಚೀನಾದ ಯುನ್ನಾನ್ ಪ್ರಾಂತ್ಯವನ್ನೆಲ್ಲ ಜಾಲಾಡಿದ್ದರು. ಆ 24 ತಿರುವುಗಳು ಇರುವುದು ಪಕ್ಕದ ಗುಯಿಝೌ ಪ್ರಾಂತ್ಯದ ಚಿಂಗ್‌ಲಾಂಗ್‌ನಲ್ಲಿ ಎಂದು ಗೊತ್ತಾದದ್ದು 2002ರಲ್ಲಿ. ಅದನ್ನು ಓದುವಾಗ ತಲೆಯಲ್ಲಿ ಒಂದೇ ಪ್ರಶ್ನೆ ಕೂತಿತು: ನಾನು ಕೂಡ ಹುಡುಕುವ ಮೊದಲೇ ಏನನ್ನೋ ನಿಜವೆಂದು ಒಪ್ಪಿಕೊಂಡಿದ್ದೇನಾ? ಒಪ್ಪಿಕೊಂಡಿದ್ದೆ. ಫೋಟೋ ಇತ್ತೀಚಿನದು ಎಂದು.

ಆರ್ 80 ಜಿ/ಎಸ್ ಬಂದದ್ದೇ 1980ರಲ್ಲಿ. ಹಳೆಯ ಬೈಕನ್ನು ಇವತ್ತೂ ಜೋಪಾನ ಮಾಡಿ ಓಡಿಸುವವರಿದ್ದಾರೆ, ಆದ್ದರಿಂದ ಬೈಕ್ ಒಂದರಿಂದ ವರ್ಷ ಹೇಳುವ ಹಾಗಿಲ್ಲ ಎಂದು ಅದನ್ನು ಪಕ್ಕಕ್ಕಿಟ್ಟಿದ್ದೆ. ಬಣ್ಣ ತಿದ್ದಿದ್ದು ಕಣ್ಣಿಗೆ ಮಣ್ಣೆರಚಿತ್ತು. ಈಗ ಮತ್ತೆ ಬಲ ಮೂಲೆಯ ಆ ಕೊಳಕು ಬಿಳುಪನ್ನು ದೊಡ್ಡದು ಮಾಡಿದೆ. ಅದು ಮಂಜಿನ ತೇಪೆಯಲ್ಲ, ಅಡ್ಡ ಬಿರುಕುಗಳಿವೆ. ಹಿಮನದಿ. ಅದರ ನಾಲಿಗೆ ನೀರಿಗೇ ತಾಗಿಕೊಂಡಿದೆ. ಈಗಿನ ಉಪಗ್ರಹ ಚಿತ್ರದಲ್ಲಿ ಗ್ರೀಸ್ ಹಿಮನದಿ ಜಲಾಶಯ ಬಿಟ್ಟು ಎಷ್ಟೋ ಹಿಂದೆ ಸರಿದಿದೆ, ನಡುವೆ ಬರೀ ಕಲ್ಲು.

ಸ್ವಿಟ್ಜರ್ಲೆಂಡಿನ ಭೂಮಾಪನ ಕಚೇರಿ ಸ್ವಿಸ್‌ಟೊಪೊ ಹಳೆಯ ನಕ್ಷೆಗಳನ್ನು ವರ್ಷ ವರ್ಷಕ್ಕೆ ಸರಿಸಿ ನೋಡುವ ಹಾಗೆ ಇಟ್ಟಿದೆ, ಉಚಿತವಾಗಿ. ಹಿಂದಕ್ಕೆ ಸರಿಸುತ್ತಾ ಹೋದೆ. ಮೊದಲು ವಿಂಡ್‌ಮಿಲ್‌ಗಳು ಹೋದವು. ಅಲ್ಲಿ ಮೊದಲನೆಯದು ಎದ್ದದ್ದು 2011ರಲ್ಲಿ, ನಾಲ್ಕು ಆದದ್ದು 2016ರಲ್ಲಿ. ಇನ್ನೂ ಹಿಂದೆ ಹೋದಂತೆ ಹಿಮನದಿ ಕೆಳಗಿಳಿಯುತ್ತಾ ಬಂತು, ಎಂಬತ್ತರ ದಶಕದ ಹೊತ್ತಿಗೆ ನೀರನ್ನು ಮುಟ್ಟಿತು. ಮೈ ಜುಮ್ಮೆಂದಿತು. ರಾತ್ರಿ ಎರಡು ಗಂಟೆ ಇರಬೇಕು, ಎದ್ದು ಬೈಕಿನ ಹತ್ತಿರ ಹೋಗಿ ಸ್ವಲ್ಪ ಹೊತ್ತು ಸುಮ್ಮನೆ ನಿಂತು ಬಂದೆ.

ದುಡ್ಡು ಕೊಟ್ಟು ತರಿಸಿದ ಚಿತ್ರಗಳಲ್ಲಿ ಒಂದೂ ಉಪಯೋಗಕ್ಕೆ ಬರಲಿಲ್ಲ, ಕೆಲಸ ಮುಗಿಸಿದ್ದು ಪುಕ್ಕಟೆ ನಕ್ಷೆ. ಹೊಸಬರು ಇದನ್ನು ಗಮನಿಸಿ. ಖಾಸಗಿ ಉಪಗ್ರಹ ಚಿತ್ರ ಕೊಳ್ಳುವ ಮೊದಲು ಆಯಾ ದೇಶದ ಭೂಮಾಪನ ಕಚೇರಿ ಏನನ್ನು ಉಚಿತವಾಗಿ ಕೊಡುತ್ತದೆ ನೋಡಿ. ಯುರೋಪಿನ ಸೆಂಟಿನೆಲ್ ಉಪಗ್ರಹದ 10 ಮೀಟರ್ ಚಿತ್ರಗಳೂ ಉಚಿತ. ತಿರುವು ಅದರಲ್ಲಿ ಸರಿಯಾಗಿ ಕಾಣದಿದ್ದರೂ ಜಲಾಶಯದ ನೀರು ಯಾವ ತಿಂಗಳಲ್ಲಿ ಎಷ್ಟಿರುತ್ತದೆ ಎನ್ನುವುದಕ್ಕೆ ಅದಕ್ಕಿಂತ ಒಳ್ಳೆಯದು ಬೇಕಾಗಿಲ್ಲ.

ಉತ್ತರ ಸಿಕ್ಕರೆ ಸಾಲದು, ಸಾಕ್ಷಿ ಬೇಕು. ಫೋಟೋದ ಯಜಮಾನರೇ ಇಲ್ಲ, ಹೌದು ಎಂದು ಹೇಳಲು ಯಾರೂ ಇಲ್ಲ. ಆ ಬೇಸಿಗೆಯಲ್ಲಿ ನಮ್ಮ ಗುಂಪಿನ ಒಬ್ಬರು ಆಲ್ಪ್ಸ್ ಸುತ್ತಲು ಹೊರಟಿದ್ದರು. ಗ್ರಿಮ್ಸೆಲ್, ಫುರ್ಕಾ, ಸುಸ್ಟೆನ್ ಮೂರನ್ನೂ ಒಂದು ದಿನದಲ್ಲಿ ಮಾಡುವ ಯೋಜನೆ ಅವರದು. ಉಲ್ರಿಕೆನ್ ಊರಿನಿಂದ ನುಫೆನೆನ್ ಹತ್ತಿ ಬನ್ನಿ ಎಂದು ಬೇಡಿಕೊಂಡೆ, ನಿಲ್ಲಬೇಕಾದ ಬಿಂದುವನ್ನು ನಕ್ಷೆಯಲ್ಲಿ ಗುರುತು ಹಾಕಿ ಕಳಿಸಿದೆ. ಬಂಡೆಯ ಚಿತ್ರವನ್ನು ಬೇರೆಯಾಗಿ ಕಳಿಸಿದೆ.

ಮೊದಲ ದಿನ ಮಂಜು ಮುಸುಕಿ ಏನೂ ಕಾಣಲಿಲ್ಲವಂತೆ. ಪುಣ್ಯಾತ್ಮರು ಮಾರನೆಯ ದಿನ ಮತ್ತೆ ಹತ್ತಿದರು. ನಾನು ಹಾಕಿದ ಗುರುತಿನಿಂದ ನಲವತ್ತು ಹೆಜ್ಜೆ ಕೆಳಗೆ ಬಂಡೆ ಸಿಕ್ಕಿತು. ಫೋಟೋ ಬಂತು. ಬಂಡೆಯ ಒಂದು ಮೂಲೆ ಒಡೆದುಹೋಗಿದೆ, ಕಲ್ಲುಹೂವು ಹಬ್ಬಿದೆ. ಆದರೆ ಬೆಣಚಿನ ಗೆರೆ ಅದೇ, ಮೇಲಿನಿಂದ ಬಂದು ನಡುವೆ ಎರಡಾಗಿ ಸೀಳುತ್ತದೆ. ಹಿಂದೆ ನಾಲ್ಕು ವಿಂಡ್‌ಮಿಲ್, ಕುಗ್ಗಿದ ಹಿಮನದಿ. ಕೆಳಗೆ ಅದೇ ಎರಡು ತಿರುವು.

ಎರಡೂ ಫೋಟೋವನ್ನು ಪಕ್ಕಪಕ್ಕ ಇಟ್ಟು ಹಿರಿಯರಿಗೆ ತೋರಿಸಿದೆ. ಬಹಳ ಹೊತ್ತು ನೋಡಿದರು. “ಅವನು ಇಲ್ಲೇ ಗಾಡಿ ನಿಲ್ಲಿಸಿದ್ದನಾ?” ಎಂದು ಮಾತ್ರ ಕೇಳಿದರು. ಹೌದು ಸರ್, ಸೈಡ್ ಸ್ಟ್ಯಾಂಡ್ ಊರಿದ ಜಾಗ ಬಂಡೆಯಿಂದ ಎರಡು ಅಡಿ ಎಂದೆ. ಮಾರನೆಯ ದಿನ ನನ್ನ ಟ್ಯಾಂಕ್ ತುಂಬಿಸಿದರು, ಪಂದ್ಯದ ಲೆಕ್ಕಕ್ಕೆ ಅದು ಬರದಿದ್ದರೂ.

ಕಳೆದ ಎರಡು ವರ್ಷದಲ್ಲಿ ನನ್ನ ಮುಂದೆ ಬಂದ ಎಂಬತ್ತು ಚಿಲ್ಲರೆ ಫೋಟೋಗಳಲ್ಲಿ ಅರವತ್ತಕ್ಕೂ ಹೆಚ್ಚು ಹಿಡಿದಿದ್ದೇನೆ, ಅದರಲ್ಲಿ ನಾನು ಓಡಿಸಿದ ರಸ್ತೆ ಐದೋ ಆರೋ ಅಷ್ಟೇ. ಹಿಡಿಯಲಾಗದವು ಹೆಚ್ಚಾಗಿ ಜಲ್ಲಿ ರಸ್ತೆಗಳು. ಅವಕ್ಕೆ ಗೆರೆಯಿಲ್ಲ, ಗೂಟವಿಲ್ಲ, ಅಂಚೇ ಇಲ್ಲ. ಅವನ್ನು ಮೋರಿಗಳಿಂದ ಹಿಡಿಯಬಹುದೇನೋ ಎಂದು ನೋಡುತ್ತಿದ್ದೇನೆ. ಮೋರಿಯ ಬಾಯಿ ಗುಂಡಗಿದೆಯೋ ಚೌಕವಿದೆಯೋ, ಕಲ್ಲಿನದೋ ಕೊಳವೆಯೋ ಎನ್ನುವುದರಲ್ಲೂ ದೇಶದ ಗುರುತು ಇದ್ದೇ ಇರುತ್ತದೆ.

ಹಿರಿಯರು ಆಲ್ಬಮನ್ನೇ ನನ್ನ ಕೈಗೆ ಕೊಟ್ಟಿದ್ದಾರೆ. ಜಾಗ ಗೊತ್ತಿಲ್ಲದ ಫೋಟೋ ಇನ್ನೂ ಆರು ಇವೆ. ಈಗ ಮೇಜಿನ ಮೇಲಿರುವುದರಲ್ಲಿ ಅದೇ ಕಿತ್ತಳೆ ಸೀಟಿನ ಬೈಕು, ಬಂಡೆಯನ್ನೇ ಕೊರೆದು ಮಾಡಿದ ಸುರಂಗದೊಳಗೆ ತಿರುಗುವ ತಿರುವು. ಹಾಗೆ ತಿರುವುಗಳನ್ನೇ ಬಂಡೆಯೊಳಗೆ ಇಟ್ಟದ್ದು ಇಟಲಿಯ ಸಾನ್ ಬೋಲ್ಡೊದಲ್ಲಿ, 1918ರಲ್ಲಿ ಸೈನ್ಯ ಕೆಲವೇ ತಿಂಗಳಲ್ಲಿ ಕಟ್ಟಿದ್ದು. ಆದರೆ ಸುರಂಗದ ಬಾಯಿಯ ಮೇಲಿನ ಕಲ್ಲಿನ ಜೋಡಣೆ ಹೊಂದುತ್ತಿಲ್ಲ. ಗೀಟು ಎಳೆದಿಲ್ಲ, ಪೆನ್ಸಿಲಿನಲ್ಲಿ ಪಕ್ಕಕ್ಕೆ ಬರೆದಿಟ್ಟುಕೊಂಡಿದ್ದೇನೆ.